ಶೇಂದ್ರಾದಲ್ಲಿ ತೆಗೆದ ಭಾಲ್ಕಿಯ ಮದುವೆ

ಮನ್ಮಾಡ ಜಂಕ್ಷನ್

ನಮ್ಮ ಆಫೀಸಿನಲ್ಲಿ ಫಾರಿನ್ನಿಗೆ ಹೋಗದವಳು ನಾನೊಬ್ಬಳೇ. ಪಕ್ಕದ ಟೇಬಲ್ಲಿನವರು ಸಿಂಗಾಪುರ ನೋಡಿದ್ದಾರೆ, ಎದುರಿನವರು ದುಬೈಯಲ್ಲಿ ಒಂಟೆ ಹತ್ತಿ ಬಿದ್ದಿದ್ದಾರೆ. ನನ್ನ ಫಾರಿನ್ನು ಸೊಲ್ಲಾಪುರ ದಾಟಿದ ಮೇಲೆ ಶುರುವಾಗುತ್ತದೆ. ಅಲ್ಲಿಂದಾಚೆ ಬೋರ್ಡುಗಳ ಮೇಲಿನ ಲಿಪಿ ಬೇರೆ, ತಿಂಡಿಯ ಹೆಸರು ಬೇರೆ. ಮೈಸೂರಿನಿಂದ ಹೊರಟವಳಿಗೆ ಇಷ್ಟಾದರೆ ಸಾಕು, ಪಾಸ್‌ಪೋರ್ಟ್ ಮಾಡಿಸಿಲ್ಲ ಎಂಬ ಕೊರಗು ಕಾಡುವುದಿಲ್ಲ.

ನನ್ನ ಹತ್ತಿರ ಒಂದು ಡಿಜಿಟಲ್ ಕ್ಯಾಮೆರಾ ಇದೆ. ಕ್ಯಾಮೆರಾ ಹೊಸದು, ಅದರಿಂದ ಬರುವ ಫೋಟೋಗಳು ಮಾತ್ರ ಹಳೆಯವು. ಬೇಕೆಂದೇ ಹಾಗೆ ಮಾಡಿಟ್ಟಿದ್ದೇನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಅದಕ್ಕೆ ‘ನೀನು ನೆರಳಲ್ಲಿದ್ದೀಯ’ ಎಂದು ಸೆಟ್ಟಿಂಗಿನಲ್ಲಿ ಹೇಳುತ್ತೇನೆ. ಪಾಪ, ಅದು ನಂಬುತ್ತದೆ. ಇಲ್ಲದ ನೆರಳಿನ ನೀಲಿಯನ್ನು ಕಳೆಯಲು ಚಿತ್ರದ ತುಂಬ ಹಳದಿ ಸುರಿಯುತ್ತದೆ. ಆಮೇಲೆ ಕೆಂಪು ಸ್ವಲ್ಪ ಏರಿಸಿ, ಕಪ್ಪನ್ನು ಸ್ವಲ್ಪ ತಿಳಿ ಮಾಡಿ, ಅಂಚುಗಳ ಚೂಪು ತೆಗೆದು, ಮೇಲೆ ರವೆ ಉದುರಿಸಿದಂತೆ ಗ್ರೇನ್ ಹಾಕಿದರೆ ಮುಗಿಯಿತು. ಈಗ ತಾನೇ ತೆಗೆದ ಫೋಟೋ ನನ್ನ ಬಾಲ್ಯದ ಆಲ್ಬಮ್ಮಿನಿಂದ ಕಿತ್ತು ತಂದ ಹಾಗೆ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ ತಿದ್ದುವವರನ್ನು ಕಂಡರೆ ನನಗಾಗುವುದಿಲ್ಲ. ಅದು ಮೋಸ. ತೆಗೆಯುವುದಕ್ಕೆ ಮೊದಲೇ ಕ್ಯಾಮೆರಾಗೆ ಸುಳ್ಳು ಹೇಳುವುದು ಕಲೆ.

ಮನ್ಮಾಡದಲ್ಲಿ ಇಳಿದು ನಾಸಿಕ್ ಕಡೆಯ ರೈಲಿಗೆ ಕಾಯುತ್ತಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸು ಪರಿಚಯಕ್ಕೆ ಮೊದಲೇ ನನ್ನ ಅಂಗೈಗೆ ಒಂದು ಭಾಕರಿ, ಅಂದರೆ ಜೋಳದ ರೊಟ್ಟಿ, ಅದರ ಮೇಲೆ ಮೆಣಸಿನಕಾಯಿ ಕುಟ್ಟಿದ ಠೇಚಾ ಇಟ್ಟರು. ನಮ್ಮ ಮೈಸೂರಿನಲ್ಲಿ ಅಪರಿಚಿತರಿಗೆ ಟೈಮ್ ಎಷ್ಟು ಎಂದು ಹೇಳುವ ಮುಂಚೆ ನೂರು ಸಲ ಯೋಚಿಸುತ್ತೇವೆ. ಋಣ ತೀರಿಸಲೆಂದು ಅವರದೊಂದು ಫೋಟೋ ತೆಗೆದು ತೋರಿಸಿದೆ. ಅವರು ಕ್ಯಾಮೆರಾದ ಪರದೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಕಾವೀಳ ಝಾಲೀ ಕಾ ಹೋ ಕ್ಯಾಮೆರ್ಯಾಲಾ?" ಎಂದು ಕೇಳಿದರು. ಕ್ಯಾಮೆರಾಗೆ ಕಾಮಾಲೆ ಆಗಿದೆಯೇ ಎಂಬುದು ಅವರ ನಿಜವಾದ ಕಾಳಜಿಯಾಗಿತ್ತು. ಔಷಧಿ ಕೊಡುವವರೊಬ್ಬರ ವಿಳಾಸವನ್ನೂ ಹೇಳಿದರು.

ದೇವಳಾಲಿ ಕ್ಯಾಂಪ್

ಈ ಪ್ರವಾಸಕ್ಕೆ ನನ್ನನ್ನು ಕರೆಸಿದವರು ಸುಭದ್ರಾ ಅತ್ತೆ, ನಮ್ಮಪ್ಪನ ತಂಗಿ. ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ಮದುವೆಯಾಗಿ, ಗಂಡ ಶರಣಪ್ಪ ಮಾಮಾನ ಜೊತೆ ನಾಸಿಕ್ ಬಳಿಯ ದೇವಳಾಲಿ ಕ್ಯಾಂಪಿಗೆ ಬಂದವರು ಅಲ್ಲೇ ಬೇರು ಬಿಟ್ಟಿದ್ದಾರೆ. ಮಾಮಾನದು ಸಣ್ಣ ಕಿರಾಣಿ ಅಂಗಡಿ. ಗಿರಾಕಿಗಳೆಲ್ಲ ಸೈನಿಕರ ಮನೆಯವರು.

ಸ್ಟೇಷನ್ನಿನಿಂದ ನಡೆದು ಬರುವಾಗ ಒಂದು ಹಳೆಯ ಗೇಟು ಚೆನ್ನಾಗಿ ಕಂಡಿತೆಂದು ಕ್ಯಾಮೆರಾ ಎತ್ತಿದೆ. ಅದು ಮಿಲಿಟರಿಯವರ ಗೇಟು. ಕಾವಲಿನ ಜವಾನ ಓಡಿ ಬಂದು, ಹಿಂದಿಯಲ್ಲಿ ಗದರಿ, ಫೋಟೋ ತೋರಿಸು ಎಂದ. ತೋರಿಸಿದೆ. ಹಳದಿ ಮಬ್ಬಿನಲ್ಲಿ ಗೇಟು ಯಾವುದು, ಹುಣಸೇಮರ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅವನು ಒಂದು ಗಳಿಗೆ ಯೋಚಿಸಿ, "ಇದರಿಂದ ದೇಶಕ್ಕೆ ಅಪಾಯವಿಲ್ಲ, ಆದರೂ ಅಳಿಸಿಬಿಡಿ" ಎಂದ. ನನ್ನ ಕಲೆಗೆ ಸಿಕ್ಕ ಮೊದಲ ಅಧಿಕೃತ ವಿಮರ್ಶೆ ಅದು.

ಶರಣಪ್ಪ ಮಾಮಾನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಸುಳ್ಳು ಹೇಳುವುದಿಲ್ಲ. ಇದು ಹೊಗಳಿಕೆಯಲ್ಲ, ಕಾಯಿಲೆ. ನಾನು ಅಂಗಡಿ ಮುಟ್ಟಿದಾಗ ಒಬ್ಬ ಹೆಣ್ಣುಮಗಳು ಬಿಸ್ಕತ್ತಿನ ಪೊಟ್ಟಣ ಎತ್ತಿಕೊಂಡಿದ್ದಳು. ಮಾಮಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು, "ಮತ್ ಲೇವ್ ಬೇಟಿ, ಮೆತ್ತಗಾಗಿದೆ. ಮುಂದಿನ ಅಂಗಡಿಯಲ್ಲಿ ತಾಜಾ ಇದೆ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿ ಕಳಿಸಿದರು. ಇಷ್ಟು ವರ್ಷ ಆ ಅಂಗಡಿ ಹೇಗೆ ನಡೆದಿದೆ ಎಂಬುದು ದೇವರಿಗೇ ಗೊತ್ತು. ಅತ್ತೆಯ ಅಡುಗೆಯ ಬಗ್ಗೆಯೂ ಅವರ ಬಾಯಲ್ಲಿ ಬರುವ ಮಾತುಗಳು ಎರಡೇ. ಉಪ್ಪು ಹೆಚ್ಚಾಗ್ಯಾದ, ಉಪ್ಪು ಕಮ್ಮಿಯಾಗ್ಯಾದ.

ಕೈಕಾಲು ತೊಳೆದು ಕೂತ ಕೂಡಲೇ ಅತ್ತೆ ಬಾಗಿಲು ಮುಂದೆ ಮಾಡಿದರು.

"ಉಮೀ, ನಿನ್ನ ಕ್ಯಾಮೆರಾ ಎಲ್ಲಾನೂ ಹಳೇದ ಮಾಡ್ತದಂತಲ್ಲ, ಖರೆ?"

"ಖರೆ ಅತ್ತಿ." ಅವರ ಮುಂದೆ ನನ್ನ ನಾಲಿಗೆಯೂ ತಾನಾಗಿ ಅಪ್ಪನ ಊರಾದ ಬೀದರದ ಕಡೆ ಹೊರಳುತ್ತದೆ.

"ಹಂಗಾರ ನಂದೊಂದು ಲಗ್ನದ ಫೋಟೋ ತಗಿ."

ಸಂಭಾಜಿನಗರದಲ್ಲಿ ನಮ್ಮ ಕಡೆಯವರದೊಂದು ಸಂಘವಿದೆ. ಮದುವೆಯಾಗಿ ಐವತ್ತು ವರ್ಷ ತುಂಬಿದ ಜೋಡಿಗಳಿಗೆ ಈ ಭಾನುವಾರ ಅಲ್ಲಿ ಸನ್ಮಾನ. ಪ್ರತಿ ಜೋಡಿಯ ಲಗ್ನದ ಫೋಟೋವನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ. ಅತ್ತೆ-ಮಾಮಾರ ಲಗ್ನದ ಫೋಟೋ ಇಲ್ಲ. ಫೋಟೋದವನು ಬಂದಿದ್ದ, ದಿನವಿಡೀ ತೆಗೆದಿದ್ದ, ಎರಡು ಸಲ ಊಟ ಮಾಡಿ ಹೋಗಿದ್ದ. ಆಮೇಲೆ ನೋಡಿದರೆ ರೀಲು ಒಳಗೆ ಸುತ್ತಿಕೊಂಡೇ ಇರಲಿಲ್ಲ. ಸಂಘದ ಪರವಾಗಿ ಫೋನು ಮಾಡಿದ ಲೀಲಾಬಾಯಿ ಎಂಬವರು, "ನಿಮ್ಮದು ಒಂದೂ ಫೋಟೋ ಇಲ್ಲೇನ್ರಿ? ಅಯ್ಯ ಪಾಪ" ಎಂದರಂತೆ. ಆ ‘ಅಯ್ಯ ಪಾಪ’ ಅತ್ತೆಗೆ ತಡೆಯಲಿಲ್ಲ. "ಐತ್ರಿ, ನಮ್ಮಣ್ಣನ ಮಗಳ ಬಲ್ಲಿ ಮೈಸೂರಾಗ ಅದ. ಹಿಡ್ಕೊಂಡು ಬರ್ಲಾಕತ್ತಾಳ" ಎಂದುಬಿಟ್ಟರು.

"ಇಲ್ಲ ಅಂದ್ರ ಇಲ್ಲ ಅಂತ ಹೇಳ್ಬೇಕಿತ್ತು. ಅದರಾಗ ಏನು ತ್ರಾಸ?" ಎಂದು ಮಾಮಾ ಬಾಗಿಲಾಚೆಯಿಂದಲೇ ಕೇಳಿದರು.

"ಎಲ್ಲಾರ ಫೋಟೋ ಬಂದು, ನಮ್ಮ ಹೆಸರು ಕರದಾಗ ಖಾಲಿ ಪರದಿ ತೋರಿಸ್ತಾರ. ಅಲ್ಲಿ ಕುಂತು ಅದನ್ನ ನಾ ನೋಡ್ಬೇಕೇನು?"

ಮರುದಿನ ಬೆಳಿಗ್ಗೆ ಮಾಮಾ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಪಟ್ಟೆ ವಿಭೂತಿ ಧರಿಸಿ ಕೂತಿದ್ದಾಗ ಪರೀಕ್ಷೆಗೆಂದು ಒಂದು ಫೋಟೋ ತೆಗೆದೆ. ನೋಡಿ ಅವರ ಮುಖ ಕೆಂಪಗಾಯಿತು. ನನ್ನ ಸೆಟ್ಟಿಂಗಿನಲ್ಲಿ ಬಿಳಿ ಎಂಬುದು ಉಳಿಯುವುದಿಲ್ಲ. ವಿಭೂತಿ ಗಂಧವಾಗಿತ್ತು.

"ಏ ಹುಡುಗಿ, ಹುಟ್ಟಿದಾಗಿಂದ ನಾ ಶಿವನ ಪಾರ್ಟಿ. ಒಂದು ಗುಂಡಿ ಒತ್ತಿ ಪಂಢರಪುರಕ್ಕ ಕಳಿಸಿದೆಲ್ಲ! ಯಾಕ ಹಿಂಗ ಆತು?"

ನಾನು ನೆರಳು, ನೀಲಿ, ಹಳದಿಯ ಲೆಕ್ಕ ಹೇಳಿದೆ.

"ಅಂದ್ರ ಕ್ಯಾಮೆರಾಕ್ಕೂ ಸುಳ್ಳು ಹೇಳ್ತಿ" ಎಂದು ಅವರು ಎದ್ದು ಅಂಗಡಿಗೆ ಹೋದರು.

ದಿಂಡೋರಿ

ದಿಂಡೋರಿಯಲ್ಲಿ ಅತ್ತೆಯ ಗೆಳತಿಯೊಬ್ಬರ ದ್ರಾಕ್ಷಿ ತೋಟವಿತ್ತು. ಹಳೆಯ ಕಾಲದಂತೆ ಕಾಣುವ ಗೋಡೆ, ಬಾವಿ ಏನಾದರೂ ಸಿಕ್ಕೀತು ಎಂದು ನಾವಿಬ್ಬರೇ ಹೋದೆವು. ದಾರಿಯಲ್ಲಿ ಮಿಸಳ್ ತಿಂದೆವು. ಅದು ಮೊಳಕೆ ಕಾಳಿನ ಮೇಲೆ ಖಾರದ ಎಣ್ಣೆ ತೇಲುವ ತಿಂಡಿ. ನಾವು ಬೆಳಿಗ್ಗೆ ಇಡ್ಲಿ ತಿಂದು ನಿಧಾನಕ್ಕೆ ಎಚ್ಚರಗೊಳ್ಳುವ ಜನ. ನಾಸಿಕದವರು ಒಂದು ಚಮಚೆಯಲ್ಲಿ ಎಚ್ಚರಗೊಂಡು, ಮೂಗೊರೆಸಿಕೊಂಡು, ಇನ್ನೂ ಸ್ವಲ್ಪ ರಸ ಹಾಕು ಎಂದು ಬಟ್ಟಲು ಚಾಚುತ್ತಾರೆ. ನಾನು ಅತ್ತೆಯ ಎದುರು ಮರ್ಯಾದೆ ಉಳಿಸಿಕೊಳ್ಳಲು ಪೂರ್ತಿ ತಿಂದೆ. ಆಮೇಲೆ ಬಹಳ ಹೊತ್ತು ನನಗೆ ಫೋಟೋಗ್ರಫಿ ಬೇಡವಾಗಿತ್ತು.

ತೋಟದಲ್ಲಿ ಎಲ್ಲವೂ ಹೊಸದು. ಕಂಬ, ತಂತಿ, ಹನಿ ನೀರಿನ ಪೈಪು. ಹಸಿರು ಗೊಂಚಲುಗಳನ್ನು ನನ್ನ ಸೆಟ್ಟಿಂಗಿನಲ್ಲೇ ತೆಗೆದೆ. ಒಣದ್ರಾಕ್ಷಿ ಬಂತು. ತೋಟದ ಯಜಮಾನಿ ಅದನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

ಬಳ್ಳಿಯ ನೆರಳಲ್ಲಿ ಕೂತು ಅತ್ತೆ ಲಗ್ನದ ದಿನವನ್ನು ಹೇಳತೊಡಗಿದರು. ಹಸಿರು ಇಳಕಲ್ ಸೀರೆ ಉಟ್ಟಿದ್ದರಂತೆ. ಆ ಸೀರೆ ಇನ್ನೂ ಟ್ರಂಕಿನಲ್ಲಿದೆ. ಫೋಟೋದವನು ‘ಇಲ್ಲಿ ನೋಡವ್ವ’ ಎಂದಾಗಲೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರಂತೆ.

"ಒಂದೂ ಬರಲಿಲ್ಲ ನೋಡು. ಅವತ್ತ ನಾ ಹ್ಯಾಂಗ ಕಾಣ್ತಿದ್ದೆ ಅಂತ ನನಗ ಗೊತ್ತೇ ಇಲ್ಲ. ಮನ್ಯಾಗ ಕನ್ನಡಿ ಇತ್ತು, ಇಷ್ಟೇ ಇಷ್ಟು. ಮೂಗು ಕಂಡ್ರ ಬಾಯಿ ಕಾಣ್ತಿದ್ದಿಲ್ಲ."

"ಮಾಮಾನ್ನ ಕೇಳಬೇಕಿತ್ತು."

"ಕೇಳೀನಿ. ‘ಛಂದ ಕಾಣ್ತಿದ್ದೆನೇನ್ರಿ?’ ಅಂದ್ರ, ‘ನನಗ ಸುಳ್ಳು ಹೇಳೋ ರೂಢಿ ಇಲ್ಲ’ ಅಂತಾರ. ಹೌದಂತೂ ಅನ್ನಂಗಿಲ್ಲ, ಇಲ್ಲಂತೂ ಅನ್ನಂಗಿಲ್ಲ."

ಇದನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಐವತ್ತು ವರ್ಷ ಈ ಮಾತಿನ ಜೊತೆ ಸಂಸಾರ ಮಾಡಿದ್ದಾರಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು. ಅದರಲ್ಲಿ ಮಿಸಳಿನ ಪಾಲೂ ಸ್ವಲ್ಪ ಇದ್ದಿರಬಹುದು. ಏನಾದರಾಗಲಿ, ಆ ಫೋಟೋ ತೆಗೆದೇ ತೆಗೆಯುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ.

ಮಾಮಾನನ್ನು ಒಪ್ಪಿಸಲು ರಾತ್ರಿ ಊಟದ ತನಕ ಬೇಕಾಯಿತು. ಒಪ್ಪಿದ್ದೂ ಅರ್ಧವೇ. "ನಾ ಸುಮ್ಮ ಕೂಡ್ತೀನಿ. ಸುಮ್ಮ ಕೂಡೋದು ಸುಳ್ಳಲ್ಲ. ಆದರ ಯಾರರೆ ಬಾಯಿಬಿಟ್ಟು ಕೇಳಿದ್ರ, ಖರೆ ಏನದ ಅದನ್ನೇ ಹೇಳ್ತೀನಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಎಸ್.ಟಿ. ಬಸ್ಸು

ಅತ್ತೆಯ ಮಗನ ಮನೆಯಲ್ಲೇ ಫೋಟೋ ತೆಗೆಯೋಣವೆಂದು ಸಂಭಾಜಿನಗರದ ಎಸ್.ಟಿ., ಅಂದರೆ ಸರ್ಕಾರಿ ಬಸ್ಸು, ಹತ್ತಿದೆವು. ಮಹಾರಾಷ್ಟ್ರದ ಬಸ್ಸಿನಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಕಂಡಕ್ಟರನಿಂದ ಹಿಡಿದು ಕೂಸಿನವರೆಗೆ ಎಲ್ಲರಿಗೂ ನಾನು ‘ಮಾವಶಿ’, ಅಂದರೆ ಚಿಕ್ಕಮ್ಮ. ಮೈಸೂರಲ್ಲಿ ಮೇಡಂ ಆಗಿ ಹೊರಟವಳು ಇಡೀ ಬಸ್ಸಿಗೆ ಚಿಕ್ಕಮ್ಮನಾಗಿ ಇಳಿದೆ. ಕಿಟಕಿ ಮುಚ್ಚು ಎಂದು ಹಿಂದಿನವರು, ತೆರೆ ಎಂದು ಮುಂದಿನವರು. ಇಬ್ಬರೂ ನನ್ನ ಕಿಟಕಿಯನ್ನೇ ನೆಚ್ಚಿಕೊಂಡಿದ್ದರು. ಅತ್ತೆ ಟ್ರಂಕಿನಿಂದ ತೆಗೆದ ಸೀರೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು. ಮಾಮಾ ಪಕ್ಕದವನಿಗೆ ತಮ್ಮ ಅಂಗಡಿಯ ಬೇಳೆಯಲ್ಲಿ ಹುಳು ಬಿದ್ದ ವಿಷಯ ಹೇಳುತ್ತಿದ್ದರು.

ಶೇಂದ್ರಾ

ಅತ್ತೆಯ ಮಗ ಸಂಭಾಜಿನಗರದ ಹೊರಗೆ, ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಮನೆಯೂ ಅಲ್ಲೇ ಸಮೀಪ. ಅವನು ಶಿಫ್ಟಿಗೆ ಹೋಗಿದ್ದ, ಹೆಂಡತಿ ತವರಿಗೆ. ಮನೆಯಲ್ಲಿದ್ದವಳು ಮಗಳು ಋತುಜಾ, ಕಾಲೇಜು ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮರಾಠಿ ಮುಂದೆ ಓಡಿ ಬರುತ್ತದೆ.

ಮುಖದ ಸಮಸ್ಯೆಯನ್ನು ಬಿಡಿಸಿದವಳು ಅವಳೇ. ಎಪ್ಪತ್ತು ದಾಟಿದ ವಧೂವರರನ್ನು ಯಾವ ಸೆಟ್ಟಿಂಗೂ ಇಪ್ಪತ್ತಕ್ಕೆ ಇಳಿಸುವುದಿಲ್ಲ. ಆದರೆ ನಮ್ಮ ಕಡೆ ಬಾಸಿಂಗ ಕಟ್ಟಿ, ಅದರಿಂದ ಮುಖದ ಮುಂದೆ ಹೂವಿನ ಸರಗಳನ್ನು ಪರದೆಯಂತೆ ಇಳಿಬಿಡುತ್ತಾರೆ. "ಆಜೀ, ಫುಲ್ ಮುಖ ಝಾಕೂನ ಟಾಕಾ. ಬಾಸಿಂಗ ಹಾಕ್ರಿ, ಕೋಣಾಲಾ ಕಳಣಾರ?" ಎಂದಳು. ಮುಖ ಪೂರ್ತಿ ಮುಚ್ಚಿಬಿಟ್ಟರೆ ಯಾರಿಗೆ ತಿಳಿಯುತ್ತದೆ! ಸಂತೆಯಿಂದ ಮಲ್ಲಿಗೆ ಬಂತು. ಮುಪ್ಪಾದ ಕೈಗಳನ್ನು ಶಲ್ಯದಡಿ ಮುಚ್ಚಿದೆವು. ಮನೆಯ ಹಿಂದಿನ ಗಿಲಾವು ಕಾಣದ ಗೋಡೆಗೆ ಹಳೆಯ ಜಮಖಾನೆ ಹೊದಿಸಿದೆವು.

ಇಬ್ಬರನ್ನೂ ಕೂಡಿಸಿ, ಕ್ಯಾಮೆರಾ ಹಿಡಿದು, ಇನ್ನೇನು ಒತ್ತಬೇಕು, ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿತು. ನೀರಿನ ಟ್ಯಾಂಕರು. ಸಂಭಾಜಿನಗರದ ಕಡೆ ನೀರು ಎಂದರೆ ಏನೆಂದು ಕಾವೇರಿ ಕುಡಿದು ಬೆಳೆದ ನನಗೆ ಅಂದು ಅರ್ಥವಾಯಿತು. ಅತ್ತೆ ಇಳಕಲ್ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಮುಖದ ಹೂವನ್ನು ಕಿವಿಗೆ ಸರಿಸಿ, ಎರಡು ಕೊಡ ಹಿಡಿದು ಓಡಿದರು. ಮಾಮಾ ಬಾಸಿಂಗ ಸಮೇತ ಪೈಪು ಎಳೆದುಕೊಂಡು ಡ್ರಮ್ಮಿನ ಕಡೆ ಹೊರಟರು. ಓಣಿಯ ಹೆಂಗಸರು ಸರತಿಯಲ್ಲಿ ಜಾಗ ಬಿಟ್ಟು, "ಕೋಣಾಚಂ ಲಗ್ನ ಆಹೇ?" ಎಂದರು, ಯಾರ ಮದುವೆ ಎಂದು.

"ಆಮಚಂಚ!" ಎಂದು ಅತ್ತೆ ಕೂಗಿದರು. ನಮ್ಮದೇ! ವಧುವೆಂದು ಅವರಿಗೆ ಒಂದು ಕೊಡ ಜಾಸ್ತಿ ಸಿಕ್ಕಿತು.

ಒದ್ದೆ ಒರೆಸಿ ಮತ್ತೆ ಕೂಡಿಸುವಾಗ ಬಿಸಿಲು ಇಳಿಯತೊಡಗಿತ್ತು. ಅತ್ತೆಯದು ಒಂದೇ ಷರತ್ತು. "ಸೀರಿ ಹಸರ ಕಾಣ್ಬೇಕು. ನಿನ್ನ ಒಣದ್ರಾಕ್ಷಿ ಮಾಡ್ಬ್ಯಾಡ." ಹಾಗಾಗಿ ‘ನೆರಳಿನ’ ಸುಳ್ಳನ್ನು ಬಿಟ್ಟು ಬಿಸಿಲನ್ನು ಬಿಸಿಲೆಂದೇ ಒಪ್ಪಿಕೊಂಡೆ. ಅಲ್ಲಿಂದ ಸ್ವಲ್ಪವೇ ಹಳದಿಯ ಕಡೆ ಜರುಗಿಸಿ, ಬಣ್ಣದ ಗಾಢತೆಯನ್ನು ಒಂದು ಮೆಟ್ಟಿಲು ಏರಿಸಿದೆ. ಗ್ರೇನ್ ಮಾತ್ರ ಧಾರಾಳವಾಗಿ ಹಾಕಿದೆ.

ಒಂದು ಫೋಟೋ ಸಿಕ್ಕಿತು. ಹೂವಿನ ಪರದೆ, ಅದರ ಹಿಂದೆ ಮುಖವಿರಬಹುದಾದ ಮಬ್ಬು, ತಿಳಿ ಹಳದಿ ಬೆಳಕಿನಲ್ಲಿ ಹಸಿರು ಸೀರೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯದನ್ನು ಇವತ್ತಿನವರೆಗೆ ತೆಗೆದಿಲ್ಲ. ಋತುಜಾ ಅದನ್ನು ಆಗಲೇ ಫೋನಿಗೆ ಇಳಿಸಿ ಸಂಘಕ್ಕೆ ಕಳಿಸಿದಳು. ಮಾಮಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದರಾಗ ಖರೆ ಅಂಬೋದು ಸೀರಿ ಒಂದೇ" ಎಂದರು.

ಸಂಭಾಜಿನಗರ, ಸಂಘದ ಸಭಾಂಗಣ

ಭಾನುವಾರ ಸಭೆ ತುಂಬಿತ್ತು. ಬೀದರ, ಕಲಬುರಗಿಯ ವ್ಯಾಪಾರಸ್ಥರು, ವರ್ಗವಾಗಿ ಬಂದ ಬ್ಯಾಂಕಿನವರು, ಅವರ ಮಕ್ಕಳು ಮೊಮ್ಮಕ್ಕಳು. ವೇದಿಕೆಯಲ್ಲಿ ಕನ್ನಡ, ಕುರ್ಚಿಗಳಲ್ಲಿ ಮರಾಠಿ, ಊಟದ ಮನೆಯಲ್ಲಿ ಎರಡೂ. ಅತ್ತೆ ನನ್ನ ಮತ್ತು ಮಾಮಾನ ನಡುವೆ ಕೂತಿದ್ದರು. ಅವರು ನನ್ನ ಕೈ ಹಿಡಿದುಕೊಂಡಿದ್ದರು.

ದೀಪ ಆರಿಸಿದರು. ಮೊದಲ ಜೋಡಿಯ ಫೋಟೋ ಬಂತು. ಕಪ್ಪು-ಬಿಳುಪು. ಎರಡನೆಯದು ಬಂತು. ಕಪ್ಪು-ಬಿಳುಪು. ಮೂರನೆಯದು ಮುಟ್ಟುವಷ್ಟರಲ್ಲಿ ನನ್ನ ತಪ್ಪು ನನಗೆ ತಿಳಿಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಹಳೆಯದು ಎಂದರೆ ನನಗೆ ನನ್ನ ಬಾಲ್ಯದ ಆಲ್ಬಮ್ಮು, ಅದರ ಹಳದಿ ತಿರುಗಿದ ಬಣ್ಣದ ಫೋಟೋಗಳು. ಅತ್ತೆಯ ಲಗ್ನ ಅದಕ್ಕೂ ಹಿಂದಿನದು. ಆಗ ಭಾಲ್ಕಿಯಲ್ಲಿ ಬಣ್ಣವೆಲ್ಲಿತ್ತು? ಇಷ್ಟೆಲ್ಲ ಮೆಟ್ಟಿಲು ಹತ್ತಿ ಇಳಿಸಿದವಳಿಗೆ, ಕ್ಯಾಮೆರಾದಲ್ಲೇ ಇರುವ ಕಪ್ಪು-ಬಿಳುಪಿನ ಒಂದು ಗುಂಡಿ ಒತ್ತಬೇಕೆಂದು ಹೊಳೆದಿರಲಿಲ್ಲ. ಪರದೆಯ ಮೇಲೆ ಸಾಲಾಗಿ ಬೂದು ಬಣ್ಣದ ಗಂಡುಗಳು, ಬೂದು ಬಣ್ಣದ ಹೆಣ್ಣುಗಳು ಕಣ್ಣು ಬಿಟ್ಟುಕೊಂಡು ಬಂದು ಹೋದರು.

ಆಮೇಲೆ ನಮ್ಮದು ಬಂತು. ಸಭಾಂಗಣವೇ ಹಸಿರಾಯಿತು.

"ಅರೇ! ಕಲರ್!" ಎಂದು ಯಾರೋ ಕೂಗಿದರು. ಮುಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಅವರೇ ಲೀಲಾಬಾಯಿ ಎಂದು ಅತ್ತೆಯ ಉಗುರು ನನ್ನ ಕೈಗೆ ಚುಚ್ಚಿದ್ದರಿಂದ ತಿಳಿಯಿತು.

"ಮುಖಾನೇ ಕಾಣವಲ್ದಲ್ರಿ! ಮತ್ತ ಆ ಕಾಲದಾಗ ಭಾಲ್ಕ್ಯಾಗ ಕಲರ್ ಫೋಟೋ ಹ್ಯಾಂಗ ಬಂತು? ನಮಗ್ಯಾರಿಗೂ ಇದ್ದಿದ್ದಿಲ್ಲ."

ಮಾತಿನಲ್ಲಿ ನಗುವಿತ್ತು, ಅನುಮಾನವೂ ಇತ್ತು. ನಿರೂಪಕರು ಮೈಕನ್ನು ನೇರ ಮಾಮಾನ ಕೈಗೆ ಕೊಟ್ಟರು. "ಶರಣಪ್ಪನೋರು ಖರೆ ಮಂದಿ. ಅವರೇ ಹೇಳಲಿ."

ನಾನು ಕಣ್ಣು ಮುಚ್ಚಿಕೊಂಡೆ. ಮುಂದಿನದು ನನಗೆ ಗೊತ್ತಿತ್ತು. ಮೊನ್ನೆ ಶುಕ್ರವಾರ, ಶೇಂದ್ರಾ, ಟ್ಯಾಂಕರು, ಜಮಖಾನೆ, ಎಲ್ಲವೂ ಮೈಕಿನಲ್ಲಿ ಹೊರಬರುತ್ತದೆ. ಅತ್ತೆ ತಲೆ ತಗ್ಗಿಸಿಬಿಟ್ಟಿದ್ದರು. ಅವರ ತಲೆ ಅಷ್ಟು ತಗ್ಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆ ಕ್ಷಣ ಕ್ಯಾಮೆರಾವನ್ನು ಎತ್ತಿ ಬಾವಿಗೆ ಹಾಕಬೇಕು ಎನಿಸಿತು.

ಮಾಮಾ ಎದ್ದರು. ಒಮ್ಮೆ ಕೆಮ್ಮಿದರು.

"ನಮ್ಮೂರಾಗ ಕಲರ್ ತಗಿಯವ್ರು ಇದ್ದಿದ್ದಿಲ್ಲ, ಅದು ಖರೆ. ನಾ ಹೈದರಾಬಾದಿಂದ ಕರಸ್ದೆ."

ನಾನು ಕಣ್ಣು ತೆರೆದೆ.

"ನಮ್ಮಪ್ಪ ಬೈದ. ಹುಚ್ಚ ಹಿಡದದೇನು ಅಂದ. ನಾ ಕೇಳಲಿಲ್ಲ. ಯಾಕಂದ್ರ ಕನ್ಯಾ ನೋಡ್ಲಾಕ ಹೋದಾಗ ಇಕಿ ಹಸರ ಸೀರಿ ಉಟ್ಕೊಂಡು ಪಡಸಾಲಿಗೆ ಬಂದ್ಲು. ಬಾಗಲದಾಗಿಂದ ಬಿಸಲ ಬಿದ್ದಿತ್ತು. ನನಗ ಚಹಾದ ಕಪ್ಪು ಹಿಡಿಲಾಕ ಬರ್ಲಿಲ್ಲ, ಚೆಲ್ಕೊಂಡೆ. ಅಷ್ಟು ಛಂದ ಹುಡುಗಿ. ಇಂಥಾಕಿನ್ನ ಕರಿ-ಬಿಳಿದಾಗ ತಗಸೋದು ಅನ್ಯಾಯ ಅನಸ್ತು. ಮುಖ ಯಾಕ ಕಾಣಂಗಿಲ್ಲ ಅಂದ್ರ, ನಾನೇ ಹೂ ಸರಸ್ಬ್ಯಾಡ ಅಂದಿದ್ದೆ. ಮುಖ ನಾ ನೋಡೀನಿ, ಸಾಕು."

ಚಪ್ಪಾಳೆ ಬಿತ್ತು. ಹುಡುಗರು ಶಿಳ್ಳೆ ಹೊಡೆದರು. ಲೀಲಾಬಾಯಿ ತಿರುಗಿ ತಮ್ಮ ಯಜಮಾನರನ್ನು ದುರುಗುಟ್ಟಿ ನೋಡಿದರು. ಅವರ ಫೋಟೋ ಕಪ್ಪು-ಬಿಳುಪಾಗಿತ್ತು. ಮಾಮಾ ಕೂತು, ಶಲ್ಯದಿಂದ ಕುತ್ತಿಗೆ ಒರೆಸಿಕೊಂಡರು. ಬಿಸ್ಕತ್ತು ಮೆತ್ತಗಾಗಿದೆ ಎಂದು ಗಿರಾಕಿಯನ್ನು ಓಡಿಸುವ ಮನುಷ್ಯ ಇವರೇನಾ ಎಂದು ನಾನು ಮತ್ತೆ ಮತ್ತೆ ನೋಡಿದೆ.

ಊಟಕ್ಕೆ ಮೂವರೂ ಒಂದೇ ಸಾಲಿನಲ್ಲಿ ಕೂತೆವು. ಅತ್ತೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು. ಕೊನೆಗೆ ಮಾಮಾನ ಕಡೆ ತಿರುಗದೆ, ಎಲೆಯನ್ನೇ ನೋಡುತ್ತ ಕೇಳಿದರು.

"ಎಷ್ಟು ಸುಳ್ಳು ಹೇಳಿದ್ರಿ ಇವತ್ತ."

ಮಾಮಾ ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದರು.

"ಹೈದರಾಬಾದಿಂದು ಒಂದು. ಹೂವಿಂದೊಂದು. ಉಳದದ್ದು ಖರೆ."